ಚಿಹ್ನೆಯ ಅರ್ಥ ಅದರ ನಿಯಮದಲ್ಲಿದೆ: ತರ್ಕಶಾಸ್ತ್ರದ ಅಪರಿಚಿತ ಸಂಕೇತಗಳನ್ನು ಓದುವ ಬಗೆ



ಆಧುನಿಕ ತರ್ಕಶಾಸ್ತ್ರದ ಪುಸ್ತಕವನ್ನು ಆಸೆಯಿಂದ ತೆರೆದವರು ಕೆಲವೇ ಪುಟಗಳಲ್ಲಿ ಅದನ್ನು ಮುಚ್ಚಿಡುವುದುಂಟು. ವಿಷಯ ಕಠಿಣ ಎಂದು ಅವರು ಹೇಳುತ್ತಾರೆ. ನಿಜವಾಗಿ ನೋಡಿದರೆ ಅವರಿಗೂ ವಿಷಯಕ್ಕೂ ಇನ್ನೂ ಭೇಟಿಯೇ ಆಗಿರುವುದಿಲ್ಲ. ನಡುವೆ ∀, ∃, ⊃, ⊢, ⊨, □ ಮುಂತಾದ ಚಿಹ್ನೆಗಳು ಅಡ್ಡ ನಿಂತಿರುತ್ತವೆ. ಓದುಗರು ಒಂದೊಂದರ ಅರ್ಥವನ್ನೂ ಯಾವುದೋ ಪಟ್ಟಿಯಲ್ಲಿ ಹುಡುಕುತ್ತಾರೆ. ಪಟ್ಟಿ ಕೊಟ್ಟ ಪದವನ್ನು ತಂದು ಚಿಹ್ನೆಯ ಜಾಗದಲ್ಲಿಟ್ಟರೂ ವಾಕ್ಯ ಕೂಡಿಬರುವುದಿಲ್ಲ.

ಈ ಉಪನ್ಯಾಸದಲ್ಲಿ ನಾನು ಪ್ರತಿಪಾದಿಸಲು ಹೊರಟಿರುವುದು ಇಷ್ಟೆ: ತರ್ಕದ ಚಿಹ್ನೆಯ ಅರ್ಥ ಅದರ ಆಕಾರದಲ್ಲಿಲ್ಲ, ಹೆಸರಿನಲ್ಲೂ ಇಲ್ಲ, ಅದನ್ನು ನಡೆಸುವ ನಿಯಮದಲ್ಲಿದೆ. ಚೌಕಾಬಾರ ಆಡುವವರು ಕವಡೆ ಸಿಗದಿದ್ದರೆ ಹುಣಿಸೆಬೀಜ ಒಡೆದು ಆಡುತ್ತಾರೆ. ಎಷ್ಟು ಬಿದ್ದರೆ ಎಷ್ಟು ಮನೆ ಎಂಬ ಕಟ್ಟಳೆ ಉಳಿದಿರುವವರೆಗೆ ಆಟ ಅದೇ. ತರ್ಕದ ಚಿಹ್ನೆಗಳ ವಿಷಯದಲ್ಲೂ ಹೀಗೆಯೇ. ಈ ಮಾತನ್ನು ಮೊದಲು ಇತಿಹಾಸದಿಂದ, ಆಮೇಲೆ ಉದಾಹರಣೆಗಳಿಂದ ಸಮರ್ಥಿಸಿ, ಕೊನೆಯಲ್ಲಿ ಓದುವ ಒಂದು ಕ್ರಮವನ್ನು ತಮ್ಮ ಮುಂದಿಡುತ್ತೇನೆ.

ಸಂಕೇತಗಳು ಏಕೆ ಬೇಕಾದವು

'ಎಲ್ಲ ವಿದ್ಯಾರ್ಥಿಗಳೂ ಒಂದು ಪುಸ್ತಕ ಓದಿದ್ದಾರೆ' ಎಂಬ ವಾಕ್ಯವನ್ನು ಗಮನಿಸಿ. ಎಲ್ಲರೂ ಓದಿದ್ದು ಅದೇ ಒಂದು ಪುಸ್ತಕವೋ, ಒಬ್ಬೊಬ್ಬರು ಒಂದೊಂದು ಪುಸ್ತಕವೋ? ವಾಕ್ಯ ಎರಡಕ್ಕೂ ಎಡೆಕೊಡುತ್ತದೆ. ಮಾತನಾಡುವಾಗ ಸಂದರ್ಭ ನೋಡಿ ಸರಿಯಾದ ಅರ್ಥ ಹಿಡಿಯುತ್ತೇವೆ. ಆದರೆ ಒಂದು ಹೇಳಿಕೆಯಿಂದ ಇನ್ನೊಂದನ್ನು, ಅದರಿಂದ ಮತ್ತೊಂದನ್ನು ಸಾಧಿಸುತ್ತ ಐವತ್ತು ಹೆಜ್ಜೆ ನಡೆಯಬೇಕಾದಾಗ ಸಂದರ್ಭದ ಊರುಗೋಲು ಇರುವುದಿಲ್ಲ. ಮೂರನೆಯ ಹೆಜ್ಜೆಯ ದ್ವಂದ್ವಾರ್ಥ ಐವತ್ತನೆಯ ಹೆಜ್ಜೆಯನ್ನು ಕೆಡಿಸುತ್ತದೆ.

ತಪ್ಪಿಗೆ ಎಡೆಯಿಲ್ಲದ ಸಂಕೇತಭಾಷೆಯೊಂದರ ಕನಸನ್ನು ಹದಿನೇಳನೆಯ ಶತಮಾನದಲ್ಲಿ ಲೈಬ್ನಿಟ್ಸ್ ಕಂಡ. ಜಾರ್ಜ್ ಬೂಲ್ 1847ರಲ್ಲಿ, ಮತ್ತೆ 1854ರಲ್ಲಿ ಪ್ರಕಟಿಸಿದ ಕೃತಿಗಳಲ್ಲಿ ತರ್ಕವನ್ನು ಬೀಜಗಣಿತದ ಮಾದರಿಯಲ್ಲಿ ಬರೆದು ತೋರಿಸಿದ. ಅವನ ಪದ್ಧತಿಯಲ್ಲಿ ಗುಣಾಕಾರವೆಂದರೆ ಎರಡು ಲಕ್ಷಣಗಳು ಒಟ್ಟಿಗೆ ಇರುವುದು. ಒಂದನ್ನು ಅದರಿಂದಲೇ ಗುಣಿಸಿದರೆ ಅದೇ ಉಳಿಯುತ್ತದೆ. ಆದರೆ ನಾವು ಈಗ ನೋಡಿದಂಥ, 'ಎಲ್ಲ'ದೊಳಗೆ 'ಒಂದು' ಹುದುಗಿದ ವಾಕ್ಯವನ್ನು ಬಿಡಿಸುವ ಶಕ್ತಿ ಅವನ ಬೀಜಗಣಿತಕ್ಕೆ ಇರಲಿಲ್ಲ. ಆ ಶಕ್ತಿ ಬಂದದ್ದು 1879ರಲ್ಲಿ, ಗಾಟ್ಲೋಬ್ ಫ್ರೇಗೆ ಪ್ರಕಟಿಸಿದ 'ಬೆಗ್ರಿಫ್ಸ್‌ಶ್ರಿಫ್ಟ್' ಎಂಬ, ನೂರು ಪುಟವೂ ಇಲ್ಲದ ಪುಸ್ತಕದಿಂದ. ಆಧುನಿಕ ತರ್ಕಶಾಸ್ತ್ರದ ಜನ್ಮವರ್ಷ ಅದೇ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಒಂದೇ ಮಾತಿಗೆ ಹಲವು ಚಿಹ್ನೆ

ಫ್ರೇಗೆಯ ಬರಹ ಸಾಲಿನಲ್ಲಿ ಹರಿಯುವುದಿಲ್ಲ. ಅಡ್ಡಗೆರೆ, ಲಂಬಗೆರೆಗಳ ಕವಲುಗಳಾಗಿ ಪುಟದ ಮೇಲೆ ಹರಡಿಕೊಳ್ಳುತ್ತದೆ. ಶ್ರೋಡರ್ ಎಂಬ ತರ್ಕಜ್ಞ ವಿಮರ್ಶೆ ಬರೆಯುತ್ತ, ಇದು ಜಪಾನೀಯರ ಹಾಗೆ ಮೇಲಿನಿಂದ ಕೆಳಕ್ಕೆ ಬರೆದು ಜಾಗ ಹಾಳುಮಾಡುವ ಪದ್ಧತಿ ಎಂದು ಆಕ್ಷೇಪಿಸಿದ. ಅಚ್ಚುಮೊಳೆ ಜೋಡಿಸುವವರ ಅನುಕೂಲವೇ ಪರಮಗುರಿಯಲ್ಲ ಎಂಬುದು ಫ್ರೇಗೆಯ ನಿಲುವು. ತತ್ತ್ವದಲ್ಲಿ ಫ್ರೇಗೆ ಗೆದ್ದ, ಅಚ್ಚಿನಲ್ಲಿ ಸೋತ. ಅವನ ಕವಲುಗೆರೆಗಳನ್ನು ಇಂದು ಯಾರೂ ಬಳಸುವುದಿಲ್ಲ. ಸಾಧಿಸಿದ ಹೇಳಿಕೆಯ ಎಡಕ್ಕೆ ಅವನು ಹಾಕುತ್ತಿದ್ದ ಲಂಬಗೆರೆ ಮತ್ತು ಅಡ್ಡಗೆರೆ ಮಾತ್ರ ಒಂದಾಗಿ ⊢ ಎಂಬ ರೂಪದಲ್ಲಿ ಉಳಿದುಕೊಂಡಿವೆ.

ಸಾಲಿನಲ್ಲಿ ಬರೆಯುವ ಪದ್ಧತಿ ಇಟಲಿಯ ಜುಸೆಪ್ಪೆ ಪೆಯಾನೊವಿನದು. 1889ರಲ್ಲಿ ಅಂಕಗಣಿತದ ಮೂಲತತ್ತ್ವಗಳನ್ನು ಕುರಿತು ಲ್ಯಾಟಿನ್‌ನಲ್ಲಿ ಬರೆದ ಪುಸ್ತಕದಲ್ಲಿ, ಒಂದು ವಸ್ತು ಒಂದು ಗಣಕ್ಕೆ ಸೇರಿದೆ ಎನ್ನಲು ಅವನು ಗ್ರೀಕ್ ಎಪ್ಸಿಲಾನ್ ಅಕ್ಷರವನ್ನು ಬಳಸಿದ. ಇಂದಿನ ∈ ಅದರ ಮುಂದುವರಿಕೆ. 'ಇದರಿಂದ ಅದು ಬರುತ್ತದೆ' ಎನ್ನಲು ರೋಮನ್ 'ಸಿ' ಅಕ್ಷರವನ್ನು ಹಿಂದುಮುಂದು ಮಾಡಿದ. ಅದು ಮುಂದೆ ⊃ ಆಯಿತು. 'ಇದೆ' ಎನ್ನುವ ∃ 1897ರಲ್ಲಿ ಬಂತು. 1900ರಲ್ಲಿ ಪ್ಯಾರಿಸ್‌ನ ತತ್ತ್ವಶಾಸ್ತ್ರ ಸಮ್ಮೇಳನದಲ್ಲಿ ಪೆಯಾನೊವನ್ನು ಕಂಡ ಬರ್ಟ್ರಂಡ್ ರಸೆಲ್ ಆ ಸಂಕೇತಗಳನ್ನು ಕಲಿತು ತನ್ನದಾಗಿಸಿಕೊಂಡ. ವೈಟ್‌ಹೆಡ್ ಮತ್ತು ರಸೆಲ್ 1910ರಿಂದ 1913ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ' ಅವುಗಳನ್ನು ಜಗತ್ತಿಗೆ ಹರಡಿತು.

ಆದರೂ ಏಕರೂಪ ಬರಲಿಲ್ಲ. 'ಎಲ್ಲ' ಎನ್ನಲು ರಸೆಲ್ ಬಳಸಿದ್ದು ಚರಾಕ್ಷರದ ಸುತ್ತ ಒಂದು ಆವರಣ ಮಾತ್ರ. ಇಂದು ಎಲ್ಲ ಕಡೆ ಕಾಣುವ ∀ ಗೆರ್‌ಹಾರ್ಡ್ ಗೆಂಟ್ಸೆನ್ 1935ರಲ್ಲಿ ∃ ಚಿಹ್ನೆಗೆ ಜೊತೆಯಾಗಲೆಂದು ತಂದದ್ದು. ಎಂದರೆ, 'ಇದೆ' ಎಂಬುದಕ್ಕೂ 'ಎಲ್ಲ' ಎಂಬುದಕ್ಕೂ ಇಂದಿನ ಚಿಹ್ನೆಗಳು ದೊರೆತ ಕಾಲಗಳ ನಡುವೆ ಸುಮಾರು ನಲವತ್ತು ವರ್ಷಗಳ ಅಂತರವಿದೆ. ನಿಷೇಧಕ್ಕೆ ರಸೆಲ್‌ನದು ∼, ಹಿಲ್ಬರ್ಟ್‌ನದು ಹೇಳಿಕೆಯ ತಲೆಯ ಮೇಲೊಂದು ಗೆರೆ, 1930ರಲ್ಲಿ ಹೇಟಿಂಗ್ ತಂದದ್ದು ¬. 'ಮತ್ತು' ಎಂಬುದಕ್ಕೆ ಚುಕ್ಕೆ, &, ∧ ಮೂರೂ ಇವೆ. 'ಇದು ನಿಜವಾದರೆ ಅದು ನಿಜ' ಎಂಬ ಅರ್ಥದ 'ಆದರೆ' ಎಂಬುದಕ್ಕೆ ⊃ ಮತ್ತು → ಎರಡೂ ಉಂಟು.

ಪೋಲೆಂಡಿನ ಯಾನ್ ವುಕಾಸಿಯೆವಿಚ್ 1924ರ ಹೊತ್ತಿಗೆ ಇನ್ನೂ ದಿಟ್ಟವಾದ ಹೆಜ್ಜೆ ಇಟ್ಟ. ಹೇಳಿಕೆಗಳನ್ನು ಜೋಡಿಸುವ ಚಿಹ್ನೆಯನ್ನು, ಎಂದರೆ ಸಂಯೋಜಕವನ್ನು, ಎರಡು ಹೇಳಿಕೆಗಳ ನಡುವೆ ಇಡದೆ ಮೊದಲಿಗೇ ಇಟ್ಟರೆ ಆವರಣಗಳೇ ಬೇಡವೆಂದು ತೋರಿಸಿದ. 'ಆದರೆ' ಎಂಬುದಕ್ಕೆ ಅವನ ಅಕ್ಷರ 'ಸಿ'. ನಾವು (ಪ → ಫ) → ಬ ಎಂದು ಬರೆಯುವುದು ಅವನಲ್ಲಿ 'ಸಿ ಸಿ ಪ ಫ ಬ'. ಪ → (ಫ → ಬ) ಎಂಬುದು 'ಸಿ ಪ ಸಿ ಫ ಬ'. ಒಂದು ಆವರಣವೂ ಇಲ್ಲ, ಒಂದಿಷ್ಟೂ ಗೊಂದಲವಿಲ್ಲ. ನೋಟಕ್ಕೆ ಇಷ್ಟು ದೂರವಿರುವ ಈ ಬರಹಗಳೆಲ್ಲ ಒಂದೇ ತರ್ಕವನ್ನು ಹೇಳುತ್ತವೆ. ಆಕಾರ ಬದಲಾದರೂ ನಿಯಮ ಉಳಿದರೆ ಅರ್ಥ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದೇ ಚಿಹ್ನೆಗೆ ಹಲವು ಅರ್ಥ

ಇದರ ಇನ್ನೊಂದು ಮುಖ ಹೆಚ್ಚು ಅಪಾಯದ್ದು. ಆಕಾರ ಒಂದೇ ಇದ್ದು ನಿಯಮ ಬೇರೆಯಾದಾಗ, ತನಗೆ ಗೊತ್ತಿರುವ ಚಿಹ್ನೆ ಇದು ಎಂಬ ಭರವಸೆಯೇ ಓದುಗರ ದಾರಿ ತಪ್ಪಿಸುತ್ತದೆ.

⊃ ಚಿಹ್ನೆಯನ್ನೇ ಹತ್ತಿರದಿಂದ ನೋಡೋಣ. ಗಣಸಿದ್ಧಾಂತದಲ್ಲಿ 'ಅ ⊃ ಬ' ಎಂದರೆ ಅ ಎಂಬ ಗಣದೊಳಗೆ ಬ ಎಂಬ ಗಣ ಅಡಗಿದೆ. ರಸೆಲ್‌ನ ತರ್ಕದಲ್ಲಿ 'ಅ ⊃ ಬ' ಎಂದರೆ ಅ ನಿಜವಾದರೆ ಬ ನಿಜ. ಈಗ ಅ ಎಂಬುದು 'ಸಂಖ್ಯೆ ನಾಲ್ಕರಿಂದ ಭಾಗವಾಗುತ್ತದೆ', ಬ ಎಂಬುದು 'ಸಂಖ್ಯೆ ಎರಡರಿಂದ ಭಾಗವಾಗುತ್ತದೆ' ಎಂದಿರಲಿ. ನಾಲ್ಕರಿಂದ ಭಾಗವಾದದ್ದು ಎರಡರಿಂದ ಭಾಗವಾಗಲೇಬೇಕು. ಆದ್ದರಿಂದ ತರ್ಕದಲ್ಲಿ ಅ ⊃ ಬ. ಗಣಗಳಾಗಿ ನೋಡಿದರೆ ನಾಲ್ಕರ ಅಪವರ್ತ್ಯಗಳು ಎರಡರ ಅಪವರ್ತ್ಯಗಳೊಳಗೆ ಅಡಗಿವೆ. ಆದ್ದರಿಂದ ಅಲ್ಲಿ ಬ ⊃ ಅ. ಒಂದೇ ಸತ್ಯವನ್ನು ಹೇಳಲು ಅದೇ ಚಿಹ್ನೆ ಎರಡು ಶಾಸ್ತ್ರಗಳಲ್ಲಿ ವಿರುದ್ಧ ದಿಕ್ಕಿಗೆ ಬಾಯಿ ತೆರೆದಿದೆ. ಗಣಿತ ಕಲಿತು ತರ್ಕಕ್ಕೆ ಬಂದವರು ಇಲ್ಲಿ ಎಡವುವುದು ಸಹಜ. ಗಣಕಯಂತ್ರದ ಅಕ್ಷರಸಂಕೇತಗಳ ಯೂನಿಕೋಡ್ ಪಟ್ಟಿಯಲ್ಲಿ ಈ ಆಕಾರಕ್ಕೆ ಗಣಸಿದ್ಧಾಂತದ ಹೆಸರನ್ನೇ ಕೊಟ್ಟಿದ್ದಾರೆ. ಚಿಹ್ನೆಯ ಅಧಿಕೃತ ಹೆಸರು ಪತ್ತೆಯಾದ ಮಾತ್ರಕ್ಕೆ ಈ ಪುಟದಲ್ಲಿ ಅದರ ಅರ್ಥ ಸಿಕ್ಕಿತೆಂದು ಭಾವಿಸಬಾರದು.

ಒಂಟಿ ಲಂಬಗೆರೆಯ ಕಥೆಯೂ ಇದೇ. ಸಂಖ್ಯಾಸಿದ್ಧಾಂತಿಗಳಿಗೆ ಅದು 'ಭಾಗಿಸುತ್ತದೆ', ಗಣಗಳನ್ನು ವರ್ಣಿಸುವಾಗ 'ಹೀಗಿರುವಂಥ', ತರ್ಕದಲ್ಲಿ 'ಎರಡೂ ಒಟ್ಟಿಗೆ ನಿಜವಲ್ಲ'.

□ ಚಿಹ್ನೆ ಇನ್ನೂ ಬೋಧಪ್ರದ. ಒಂದು ಪುಸ್ತಕದಲ್ಲಿ □ಅ ಎಂದರೆ 'ಅ ಅನಿವಾರ್ಯವಾಗಿ ನಿಜ'. ಕರ್ತವ್ಯವನ್ನು ಕುರಿತ ತರ್ಕದಲ್ಲಿ 'ಅ ಆಗತಕ್ಕದ್ದು'. ಅಮೀರ್ ಪ್ನುಯೆಲಿ 1977ರಲ್ಲಿ ಗಣಕಯಂತ್ರದ ಪ್ರೋಗ್ರಾಂಗಳ ಪರಿಶೀಲನೆಗೆ ತಂದ ಕಾಲತರ್ಕದಲ್ಲಿ 'ಇನ್ನು ಮುಂದೆ ಸದಾ ಅ'. ಮತ್ತೊಂದು ಶಾಖೆಯಲ್ಲಿ 'ಅ ಎಂಬುದನ್ನು ಸಾಧಿಸಬಹುದು'. ಇವುಗಳನ್ನು ಬೇರ್ಪಡಿಸುವ ಒರೆಗಲ್ಲು ಯಾವುದು? □ಅ → ಅ ಎಂಬ ಸೂತ್ರ ಅಲ್ಲಿ ನಡೆಯುತ್ತದೆಯೇ ಎಂದು ಕೇಳಬೇಕು. ಅನಿವಾರ್ಯವಾಗಿ ನಿಜವಾದದ್ದು ನಿಜವೇ. ಅಲ್ಲಿ ಸೂತ್ರ ನಡೆಯುತ್ತದೆ. ಆಗತಕ್ಕದ್ದೆಲ್ಲ ಆಗುವುದಿಲ್ಲ, ಅಲ್ಲಿ ನಡೆಯುವುದಿಲ್ಲ. ಸಾಧನೀಯತೆಯನ್ನು ಕುರಿತ ಶಾಖೆಯಲ್ಲಿ ಈ ಸೂತ್ರವನ್ನು ಎಲ್ಲ ಹೇಳಿಕೆಗಳಿಗೂ ಒಪ್ಪಲಾಗದೆಂದು 1955ರ ಲೋಬ್ ಪ್ರಮೇಯ ತಿಳಿಸುತ್ತದೆ. ಚೌಕವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ಭೇದ ಕಾಣದು. ಪುಸ್ತಕ ಒಪ್ಪಿಕೊಂಡ ಸ್ವಯಂಸಿದ್ಧಗಳನ್ನು ನೋಡಿದರೆ ಕೂಡಲೇ ಕಾಣುತ್ತದೆ.

ವ್ಯಾಪ್ತಿಯ ಪ್ರಶ್ನೆ

ಚಿಹ್ನೆ ಯಾವುದೆಂದು ತಿಳಿದ ಮೇಲೆ ಅದರ ಆಳ್ವಿಕೆ ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಯಬೇಕು. ಇದನ್ನೇ ವ್ಯಾಪ್ತಿ ಎನ್ನುವುದು. ಈ ಎರಡು ಸೂತ್ರಗಳನ್ನು ನೋಡಿ. ಇಲ್ಲಿ ಕ, ಚ ಎಂಬ ಅಕ್ಷರಗಳು ಪೂರ್ಣಸಂಖ್ಯೆಗಳನ್ನು ಸೂಚಿಸುತ್ತವೆ:

∀ಕ ∃ಚ (ಕ < ಚ)

∃ಚ ∀ಕ (ಕ < ಚ)

ಮೊದಲನೆಯದನ್ನು ಕನ್ನಡದಲ್ಲಿ ಓದೋಣ: ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಅದಕ್ಕಿಂತ ದೊಡ್ಡದಾದ ಸಂಖ್ಯೆ ಒಂದಿದೆ. ಇದು ನಿಜ. ಎರಡನೆಯದು: ಎಲ್ಲ ಸಂಖ್ಯೆಗಳಿಗಿಂತಲೂ ದೊಡ್ಡದಾದ ಒಂದು ಸಂಖ್ಯೆ ಇದೆ. ಇದು ಸುಳ್ಳು; ಹಾಗೊಂದು ಸಂಖ್ಯೆ ಇದ್ದರೆ ಅದು ತನಗಿಂತ ತಾನೇ ದೊಡ್ಡದಾಗಬೇಕಾಗುತ್ತದೆ. ಚಿಹ್ನೆಗಳು ಅವೇ, ಅಕ್ಷರಗಳು ಅವೇ. ಅನುಕ್ರಮ ಬದಲಾದದ್ದರಿಂದ ಸತ್ಯ ಸುಳ್ಳಾಯಿತು. ಮೊದಲನೆಯದರಲ್ಲಿ ∃ಚ ಎಂಬುದು ∀ಕ ಎಂಬುದರ ಆಳ್ವಿಕೆಯೊಳಗಿದೆ, ಆದ್ದರಿಂದ ಕ ಬದಲಾದಂತೆ ಚ ಬದಲಾಗಬಹುದು. ಎರಡನೆಯದರಲ್ಲಿ ಚ ಮೊದಲೇ ನಿಶ್ಚಯವಾಗಿಬಿಟ್ಟಿದೆ. ವಿದ್ಯಾರ್ಥಿಗಳು ಓದಿದ ಪುಸ್ತಕದ ವಾಕ್ಯದಲ್ಲಿ ನಮ್ಮನ್ನು ಕಾಡಿದ ಭೇದ ಇದೇ.

ಇದು ಕೇವಲ ಶಾಲೆಯ ಅಭ್ಯಾಸವಲ್ಲ. ಅವಿಚ್ಛಿನ್ನ ಫಲನಗಳ ಅನಂತ ಶ್ರೇಣಿಯ ಮೊತ್ತವೂ ಅವಿಚ್ಛಿನ್ನ ಎಂದು ಗಣಿತಜ್ಞ ಕೋಶಿ 1821ರ ತನ್ನ ಪಠ್ಯದಲ್ಲಿ ಹೇಳಿದ. ಅದಕ್ಕೆ ಅಪವಾದಗಳಿವೆ ಎಂದು ಏಬೆಲ್ 1826ರಲ್ಲಿ ತೋರಿಸಿದ. ಎಲ್ಲ ಬಿಂದುಗಳಿಗೂ ಒಂದೇ ಮಿತಿ ಸಾಕೇ, ಬಿಂದುವಿಗೊಂದು ಮಿತಿ ಬೇಕೇ ಎಂಬ ಭೇದವನ್ನು ಗಣಿತ ತಿಳಿಯಾಗಿ ಬಿಡಿಸಿಕೊಳ್ಳಲು ಇನ್ನೂ ದಶಕಗಳು ಹಿಡಿದವು. ಇಂದು ಅದೇ ಭೇದ ∀ ಮತ್ತು ∃ ಚಿಹ್ನೆಗಳ ಹಿಂದುಮುಂದಾಗಿ ಒಂದು ಸಾಲಿನಲ್ಲಿ ಕಾಣುತ್ತದೆ.

ಹಳೆಯ ಗ್ರಂಥಗಳಲ್ಲಿ ವ್ಯಾಪ್ತಿಯನ್ನು ಚುಕ್ಕೆಗಳು ತೋರಿಸುತ್ತವೆ. 'ಪ್ರಿನ್ಸಿಪಿಯಾ'ದ ಎರಡನೆಯ ಪ್ರಕರಣದ ಮೊದಲಲ್ಲೇ ಬರುವ ಸೂತ್ರವೊಂದನ್ನು ನಮ್ಮ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ:

⊢ : ಪ ⊃ ∼ಪ . ⊃ . ∼ಪ

ಚುಕ್ಕೆ ಹೆಚ್ಚಿದಷ್ಟೂ ಅದರ ಹಿಡಿತ ಹೆಚ್ಚು. ⊢ ಪಕ್ಕದ ಎರಡು ಚುಕ್ಕೆ ಇಡೀ ಸೂತ್ರವನ್ನು ಹಿಡಿದಿದೆ. ನಡುವಿನ ⊃ ತನ್ನ ಎರಡೂ ಕಡೆ ಒಂದೊಂದು ಚುಕ್ಕೆ ಹೊತ್ತಿರುವುದರಿಂದ ಅದೇ ಮುಖ್ಯ ಸಂಯೋಜಕ. ಚುಕ್ಕೆಯಿಲ್ಲದ ಮೊದಲ ⊃ ಅದರೊಳಗಿನದು. ಇಂದಿನ ಬರಹದಲ್ಲಿ ಇದು ⊢ (ಪ → ¬ಪ) → ¬ಪ. ಯಾವ ಹೇಳಿಕೆ ತನ್ನದೇ ನಿಷೇಧಕ್ಕೆ ಒಯ್ಯುತ್ತದೆಯೋ ಅದು ಸುಳ್ಳು ಎಂದು ತಾತ್ಪರ್ಯ. ಅದೇ ಗ್ರಂಥದಲ್ಲಿ ಚುಕ್ಕೆ 'ಮತ್ತು' ಎಂಬ ಕೆಲಸವನ್ನೂ ಮಾಡುತ್ತದೆ. ಎರಡು ಹೇಳಿಕೆಗಳ ನಡುವೆ ಬೇರೆ ಸಂಯೋಜಕವಿಲ್ಲದೆ ಚುಕ್ಕೆ ಮಾತ್ರ ಇದ್ದರೆ ಅದು 'ಮತ್ತು'. ಸಂಯೋಜಕದ ಪಕ್ಕ ನಿಂತರೆ ಆವರಣ. ಅಕ್ಕಪಕ್ಕ ನೋಡದೆ ಚುಕ್ಕೆಯನ್ನು ಓದಲಾಗದು.

ಎರಡು ನೆಲೆಗಳು

ಇನ್ನು ಅತ್ಯಂತ ಸೂಕ್ಷ್ಮವಾದ ಭೇದಕ್ಕೆ ಬರುತ್ತೇನೆ. →, ⊢, ⊨ ಈ ಮೂರನ್ನೂ ಪಟ್ಟಿಗಳು ಸಾಮಾನ್ಯವಾಗಿ 'ಆದ್ದರಿಂದ' ಅಥವಾ 'ಆದರೆ' ಎಂದು ಅನುವಾದಿಸಿ ಸುಮ್ಮನಾಗುತ್ತವೆ. ಮೂರರ ಸ್ಥಾನ ಬೇರೆ ಬೇರೆ.

ಅ → ಬ ಎಂಬುದು ಒಂದು ಹೇಳಿಕೆ. ಅದು ನಿಜವಾಗಿರಬಹುದು, ಸುಳ್ಳಾಗಿರಬಹುದು. ಅದನ್ನು ನಿಷೇಧಿಸಬಹುದು, ಇನ್ನೊಂದು ಹೇಳಿಕೆಯೊಳಗೆ ಸೇರಿಸಬಹುದು. ಅ ⊢ ಬ ಎಂಬುದು ಹೇಳಿಕೆಗಳನ್ನು ಕುರಿತು ನಾವು ಹೊರಗೆ ನಿಂತು ಆಡುವ ಮಾತು: ಅ ಎಂಬುದನ್ನು ಆಧಾರವಾಗಿ ಕೊಟ್ಟರೆ, ಈ ಪದ್ಧತಿಯ ನಿಯಮಗಳಿಂದ ಬ ಎಂಬುದನ್ನು ಸಾಧಿಸಬಹುದು. ಅ ⊨ ಬ ಎಂಬುದೂ ಹೊರಗಿನ ಮಾತೇ, ವಿಷಯ ಮಾತ್ರ ಬೇರೆ: ಅ ನಿಜವಾಗಿರುವ ಪ್ರತಿಯೊಂದು ಸನ್ನಿವೇಶದಲ್ಲೂ ಬ ನಿಜ. ⊢ ಸಾಧನೆಯ ಮಾತು, ⊨ ಸತ್ಯದ ಮಾತು.

ಈ ಎರಡನ್ನು ಬೇರೆ ಬೇರೆ ವಿಚಾರಗಳಾಗಿ ಕಾಣದಿದ್ದರೆ ಇಪ್ಪತ್ತನೆಯ ಶತಮಾನದ ತರ್ಕಶಾಸ್ತ್ರದ ಮಹತ್ವದ ಪ್ರಮೇಯವೊಂದನ್ನು ಹೇಳುವುದಕ್ಕೇ ಆಗುತ್ತಿರಲಿಲ್ಲ. ಪ್ರಥಮ ಶ್ರೇಣಿಯ ತರ್ಕದಲ್ಲಿ, ಎಂದರೆ ∀ ಮತ್ತು ∃ ವಸ್ತುಗಳನ್ನು ಮಾತ್ರ ಕುರಿತಿರುವ ತರ್ಕದಲ್ಲಿ, ಸತ್ಯದ ದೃಷ್ಟಿಯಿಂದ ಹೊರಡುವುದೆಲ್ಲವನ್ನೂ ನಿಯಮಗಳಿಂದ ಸಾಧಿಸಲೂಬಹುದು ಎಂದು ಕುರ್ಟ್ ಗೋಡೆಲ್ ತನ್ನ 1929ರ ಪ್ರಬಂಧದಲ್ಲಿ ತೋರಿಸಿದ. ಎಂದರೆ ಅಲ್ಲಿ ⊨ ಇರುವಲ್ಲೆಲ್ಲ ⊢ ಇದೆ. ಎರಡು ಬೇರೆ ವಿಚಾರಗಳು ಒಂದೆಡೆ ಕೂಡುತ್ತವೆ ಎಂಬುದು ಆವಿಷ್ಕಾರ. ಮೊದಲೇ ಒಂದೆಂದು ತಿಳಿದವರಿಗೆ ಅಲ್ಲಿ ಆವಿಷ್ಕಾರವೇ ಕಾಣದು.

→ ಮತ್ತು ⊢ ಕಲಸಿಹೋದರೆ ಏನಾಗುತ್ತದೆಂದು ಲೂಯಿಸ್ ಕ್ಯಾರಲ್ 1895ರ ಲೇಖನವೊಂದರಲ್ಲಿ ಅಕಿಲೀಸ್ ಮತ್ತು ಆಮೆಯ ಸಂವಾದವಾಗಿ ತೋರಿಸಿದ್ದಾನೆ. ಅನುಮಾನದ ನಿಯಮವನ್ನೂ ಇನ್ನೊಂದು ಆಧಾರವಾಕ್ಯವಾಗಿ ಬರೆದುಕೊಡಬೇಕೆಂದು ಆಮೆ ಹಟ ಹಿಡಿಯುತ್ತದೆ. ಬರೆದಷ್ಟೂ ಇನ್ನೊಂದು ಬೇಕಾಗುತ್ತದೆ. ತೀರ್ಮಾನ ಎಂದಿಗೂ ಬರುವುದಿಲ್ಲ. ನಿಯಮ ಬೇರೆ, ಹೇಳಿಕೆ ಬೇರೆ. ಚಿಹ್ನೆ ಎದುರಾದಾಗ ಅದು ಹೇಳಿಕೆಯ ಒಳಗಿನದೋ, ಹೇಳಿಕೆಯನ್ನು ಕುರಿತದ್ದೋ ಎಂದು ಕೇಳಲೇಬೇಕು.

ಮಾತಿನಲ್ಲೇ ಕಟ್ಟಿದ ಸಂಕೇತ

ಈ ಎಚ್ಚರ ಪಶ್ಚಿಮಕ್ಕೆ ಮಾತ್ರ ಸೇರಿದ್ದಲ್ಲ. ಮಿಥಿಲೆಯ ಗಂಗೇಶ ಹದಿನಾಲ್ಕನೆಯ ಶತಮಾನದಲ್ಲಿ 'ತತ್ತ್ವಚಿಂತಾಮಣಿ' ರಚಿಸಿದ ಮೇಲೆ ಬೆಳೆದ ನವ್ಯನ್ಯಾಯ ಒಂದು ಚಿಹ್ನೆಯನ್ನೂ ಬಳಸದೆ, ಸಂಸ್ಕೃತದ ಪಾರಿಭಾಷಿಕ ಪದಗಳಿಂದಲೇ ಇಂಥ ನಿಷ್ಕೃಷ್ಟತೆಯನ್ನು ಸಾಧಿಸಿತು. ನೆಲದ ಮೇಲೆ ಗಡಿಗೆ ಇಲ್ಲ ಎಂಬಲ್ಲಿ ಆ ಅಭಾವಕ್ಕೆ ಗಡಿಗೆ ಪ್ರತಿಯೋಗಿ, ನೆಲ ಅನುಯೋಗಿ. ಪ್ರತಿಯೋಗಿತೆಗೆ ಮಿತಿ ಹಾಕುವ ಧರ್ಮ, ಅಂದರೆ ಅವಚ್ಛೇದಕ, ಘಟತ್ವ. 'ನೀಲಿ ಗಡಿಗೆ ಇಲ್ಲ' ಎಂದರೆ ಅವಚ್ಛೇದಕ ಬದಲಾಗುತ್ತದೆ; ಕೆಂಪು ಗಡಿಗೆ ಅಲ್ಲಿರಬಹುದು. ನಿಷೇಧ ಯಾವುದಕ್ಕೆ ತಗಲುತ್ತದೆ, ಎಷ್ಟರ ಮಟ್ಟಿಗೆ ತಗಲುತ್ತದೆ ಎಂಬ ಪ್ರಶ್ನೆಯೇ ಇದು. ನಾವು ವ್ಯಾಪ್ತಿ ಎಂದು ಚರ್ಚಿಸಿದ್ದಕ್ಕೆ ಹತ್ತಿರದ್ದು. ವಿಜಯನಗರದ ಕಾಲದಲ್ಲಿ ನಮ್ಮ ವ್ಯಾಸತೀರ್ಥರು 'ತರ್ಕತಾಂಡವ'ದಲ್ಲಿ ನ್ಯಾಯಮತವನ್ನು ಖಂಡಿಸುವಾಗ ಈ ಪರಿಭಾಷೆಯನ್ನೇ ಕರಗತ ಮಾಡಿಕೊಂಡು ಎದುರಿಸಿದರು. ಪರಿಭಾಷೆ ಅಪರಿಚಿತವೆಂದು ದೂರ ಸರಿಯದೆ, ಅದರ ನಿಯಮವನ್ನು ಒಳಹೊಕ್ಕು ಕಲಿತು ವಾದಿಸುವ ಈ ಶಿಸ್ತು ಕನ್ನಡ ನಾಡಿನ ವಿದ್ವತ್ತಿಗೆ ಹೊಸದಲ್ಲ.

ಓದುವ ಕ್ರಮ

ಈವರೆಗಿನ ಚರ್ಚೆಯಿಂದ ಒಂದು ಕ್ರಮ ತಾನಾಗಿ ಮೂಡುತ್ತದೆ. ಅಪರಿಚಿತ ಚಿಹ್ನೆ ಎದುರಾದಾಗ, ಮೊದಲು ಪುಸ್ತಕದ ಆರಂಭಕ್ಕೆ ಮರಳಿ ಲೇಖಕರು ಅದನ್ನು ಎಲ್ಲಿ ಪರಿಚಯಿಸಿದ್ದಾರೆಂದು ಹುಡುಕಬೇಕು. ಬೇರೆ ಪುಸ್ತಕದ ಪಟ್ಟಿಗಿಂತ ಇದೇ ಪುಸ್ತಕದ ಒಂದು ವ್ಯಾಖ್ಯೆ ಮೇಲು. ಎರಡನೆಯದಾಗಿ, ಅದರ ಎಡಬಲಗಳಲ್ಲಿ ಏನು ನಿಂತಿದೆ ನೋಡಬೇಕು: ವಸ್ತುಗಳೋ, ಗಣಗಳೋ, ಹೇಳಿಕೆಗಳೋ? ಹೇಳಿಕೆಗಳ ನಡುವಿನ ⊃ ಗಣಗಳ ನಡುವಿನ ⊃ ಆಗಲಾರದು. ಮೂರನೆಯದಾಗಿ, ಅದರ ವ್ಯಾಪ್ತಿಯನ್ನು ಗುರುತಿಸಿ, ಅಗತ್ಯವಿದ್ದರೆ ನಾವೇ ಆವರಣ ಹಾಕಿಕೊಳ್ಳಬೇಕು. ನಾಲ್ಕನೆಯದಾಗಿ, ಅದು ಹೇಳಿಕೆಯ ಒಳಗಿದೆಯೋ ಹೊರಗಿದೆಯೋ ನಿರ್ಧರಿಸಬೇಕು. ಕೊನೆಯದಾಗಿ, ಅದನ್ನು ತರಲು ಯಾವ ಆಧಾರ ಬೇಕು, ಅದು ಬಂದ ಮೇಲೆ ಅದರಿಂದ ಏನನ್ನು ಪಡೆಯಬಹುದು ಎಂದು ಕೇಳಬೇಕು. ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲವರಿಗೆ ಚಿಹ್ನೆ ವಶವಾಯಿತು.

ಕನ್ನಡದಲ್ಲಿ ತರ್ಕ, ಗಣಿತಗಳ ಪಠ್ಯ ಬರೆಯುವ ಮಿತ್ರರಲ್ಲಿ ನನ್ನದೊಂದು ಬಿನ್ನಹವಿದೆ. ಪ್ರತಿ ಪುಸ್ತಕದ ಆರಂಭದಲ್ಲಿ ಅದರಲ್ಲಿ ಬಳಸಿದ ಎಲ್ಲ ಚಿಹ್ನೆಗಳ ಪುಟವೊಂದನ್ನು ಸೇರಿಸಿರಿ. ಅದರಲ್ಲಿ ಚಿಹ್ನೆ, ಕನ್ನಡದಲ್ಲಿ ಅದನ್ನು ಓದುವ ಬಗೆ, ಎಡಬಲಗಳಲ್ಲಿ ನಿಲ್ಲತಕ್ಕದ್ದು, ಇತರ ಗ್ರಂಥಗಳಲ್ಲಿ ಅದಕ್ಕಿರುವ ಬೇರೆ ರೂಪ, ಈ ನಾಲ್ಕೂ ಇರಲಿ. ಅಧ್ಯಾಪಕರು ಕರಿಹಲಗೆಯ ಮೇಲೆ ಬರೆದ ಪ್ರತಿ ಸೂತ್ರವನ್ನೂ ತುಂಬು ಕನ್ನಡ ವಾಕ್ಯವಾಗಿ ಗಟ್ಟಿಯಾಗಿ ಓದಿ ಹೇಳಲಿ, ವಿದ್ಯಾರ್ಥಿಗಳಿಂದ ಓದಿಸಲಿ. ಓದಲಾರದ ಸೂತ್ರವನ್ನು ಸತ್ಯಕೋಷ್ಟಕದಲ್ಲಿ ತುಂಬಿಸಿ ಅಂಕ ಪಡೆಯಬಹುದು, ಅದರಿಂದ ಯೋಚಿಸಲು ಬಾರದು. ವಿದ್ಯಾರ್ಥಿಗಳಲ್ಲಿ ನನ್ನ ಮಾತು ಇನ್ನೂ ಸರಳ: ಚಿಹ್ನೆ ಕಂಡು ಪುಸ್ತಕ ಮುಚ್ಚಬೇಡಿ, ಅದರ ನಿಯಮವನ್ನು ಕೇಳಿ. ನಿಯಮವನ್ನು ಬರೆದುಕೊಡದ ಪುಸ್ತಕವಿದ್ದರೆ ದೋಷ ಆ ಪುಸ್ತಕದ್ದು, ನಿಮ್ಮದಲ್ಲ.